ಶೀಲ್ಡ್ ಊರಿಗೆ, ಪೆಟ್ಟು ಮನೆಗೆ

ಕಬಡ್ಡಿ ಆಡಿದವರನ್ನು ಗುರುತಿಸಲು ಅವರ ಸರ್ಟಿಫಿಕೇಟು ನೋಡಬೇಕಾಗಿಲ್ಲ. ನಲವತ್ತು ದಾಟಿದ ಮೇಲೆ ಅವರು ಕೂತಲ್ಲಿಂದ ಏಳುವ ರೀತಿ ನೋಡಿದರೆ ಸಾಕು. ಒಬ್ಬರು ಗೋಡೆಗೆ ಕೈಕೊಟ್ಟು ಏಳುತ್ತಾರೆ. ಇನ್ನೊಬ್ಬರು ಒಂದು ಕಾಲನ್ನು ಮುಂದಕ್ಕೆ ಚಾಚಿ, ಮತ್ತೊಂದರ ಮೇಲೆ ಭಾರ ಹಾಕಿ ಏಳುತ್ತಾರೆ. ಮದುವೆಯ ಪಂಕ್ತಿಯಲ್ಲಿ ನೆಲದ ಮೇಲೆ ಕೂರಲಾರದೆ ಮೂಲೆಯಲ್ಲಿ ಕುರ್ಚಿ ಹುಡುಕುವ ಮುದುಕರ ನಡುವೆ ನಮ್ಮ ವಯಸ್ಸಿನ ಒಬ್ಬಿಬ್ಬರು ಇದ್ದೇ ಇರುತ್ತಾರೆ. ವಿಚಾರಿಸಿದರೆ, ಒಂದು ಕಾಲಕ್ಕೆ ಸುತ್ತಲಿನ ಹತ್ತು ಹಳ್ಳಿಗೆ ಗೊತ್ತಿದ್ದ ರೈಡರ್ ಎಂದು ತಿಳಿಯುತ್ತದೆ.

ನಾವು ಏಳು ಮಂದಿ ಶಹಾಪುರದ ಒಂದೇ ಓಣಿಯಲ್ಲಿ ಬೆಳೆದವರು. ಕಳೆದ ಶತಮಾನದ ಕೊನೆಯ ವರ್ಷಗಳಿಂದ ಹಿಡಿದು ಸುಮಾರು ಹತ್ತು ವರ್ಷ ಒಟ್ಟಿಗೆ ಕಬಡ್ಡಿ ಆಡಿದವರು. ಆಗ ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಅದು ಗುಲಬರ್ಗಾದಿಂದ ಬೇರೆಯಾದದ್ದು 2010ರಲ್ಲಿ. ಯಾದಗಿರಿ, ಶಹಾಪುರ, ಸುರಪುರ ಮೂರೂ ನಮಗೆ ಒಂದೇ ಅಂಗಳವಿದ್ದಂತೆ. ಜಾತ್ರೆ, ಉರುಸು, ಗಣೇಶನ ಹಬ್ಬ, ಸ್ವಾತಂತ್ರ್ಯ ದಿನ, ಯಾವುದಾದರೂ ನಾಯಕರ ಹುಟ್ಟುಹಬ್ಬ ಹೀಗೆ ಪಂದ್ಯಾವಳಿಗೆ ನೆಪ ಬೇಕಾದಷ್ಟಿದ್ದವು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ. ಈ ಎರಡು ಹೊಳೆಗಳ ನಡುವಿನ ಎಷ್ಟೋ ಊರುಗಳಲ್ಲಿ, ತೊಗರಿ ರಾಶಿ ಮುಗಿದ ಕಣಗಳ ಮೇಲೆ, ಶಾಲೆಯ ಅಂಗಳಗಳಲ್ಲಿ, ಗುಡಿ ದರ್ಗಾಗಳ ಮುಂದಿನ ಬಯಲುಗಳಲ್ಲಿ ನಮ್ಮ ಮೊಣಕಾಲಿನ ಚರ್ಮ ಉಳಿದಿದೆ.

ಈ ಕಡೆಯ ಜನಕ್ಕೆ ಮೈಯ ಆಟಗಳೆಂದರೆ ಮೊದಲಿನಿಂದಲೂ ಪ್ರೀತಿ. ಕುಸ್ತಿ ಇದೆ, ಗುಂಡು ಎತ್ತುವುದಿದೆ, ಚೀಲ ಹೊತ್ತು ಓಡುವುದಿದೆ. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಜಾರುವ ಕಂಬ ಏರುವ ಹುಡುಗರನ್ನು ನೋಡಲು ಸುತ್ತಲಿನ ಹಳ್ಳಿಗಳೇ ಇಳಿದು ಬರುತ್ತವೆ. 1857-58ರಲ್ಲಿ ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕನ ಊರು ಅದು. ಎದೆಗಾರಿಕೆ ಎಂಬ ಮಾತಿಗೆ ಇಲ್ಲಿ ಬೆಲೆ ಹೆಚ್ಚು. ಕಬಡ್ಡಿಗೆ ಖರ್ಚಿಲ್ಲ ಎಂಬುದೂ ಒಂದು ಕಾರಣ. ಬ್ಯಾಟು ಬೇಡ, ಚೆಂಡು ಬೇಡ, ಬೂಟು ಬೇಡ. ಸುಣ್ಣದ ಪುಡಿಯಲ್ಲಿ ನಾಲ್ಕು ಗೆರೆ ಎಳೆದರೆ ಅಂಕಣ ಸಿದ್ಧ. ಬಡವರ ಮಕ್ಕಳು ಶ್ರೀಮಂತರ ಮಕ್ಕಳನ್ನು ಸೋಲಿಸಬಹುದಾದ ಕೆಲವೇ ಜಾಗಗಳಲ್ಲಿ ಇದೂ ಒಂದು. ಬೇರೆ ಬೇರೆ ಓಣಿಯವರು, ಬೇರೆ ಬೇರೆ ಜಾತಿಯವರು ಒಬ್ಬರ ಕೈ ಒಬ್ಬರು ಹಿಡಿದು ಸರಪಳಿಯಾಗಿ ನಿಲ್ಲಲೇಬೇಕಾದ ಆಟ ಇದು. ಹಿಡಿದ ಕೈ ಯಾರದೆಂದು ನೋಡುತ್ತ ಕೂತರೆ ರೈಡರ್ ತಪ್ಪಿಸಿಕೊಂಡು ಹೋಗುತ್ತಾನೆ.

ಆದರೆ ಈ ಆಟ ನಮ್ಮ ಏಳು ಮೈಗಳ ಮೇಲೆ ಬರೆದಿರುವ ಲೆಕ್ಕವನ್ನೂ ಒಮ್ಮೆ ಓದಬೇಕು. ಎಡ ಮೂಲೆಯಲ್ಲಿ ನಿಲ್ಲುತ್ತಿದ್ದವನ ಉಂಗುರ ಬೆರಳು, ಕಿರುಬೆರಳು ಎರಡೂ ಸೊಟ್ಟಗಾಗಿವೆ. ಈಗ ಟೇಲರ್ ಆಗಿರುವ ಅವನು ಬಟ್ಟೆಯನ್ನು ಬೇರೆಯವರಂತೆ ಹಿಡಿಯುವುದಿಲ್ಲ. ಬಲ ಮೂಲೆಯವನ ಹೆಗಲು ಜಾರುತ್ತದೆ. ಬಸ್ಸಿನ ಕಂಬಿ ಹಿಡಿದು ನಿಂತಾಗ ಬ್ರೇಕ್ ಬಿದ್ದರೆ ಅವನ ಮುಖ ಬೆಳ್ಳಗಾಗುತ್ತದೆ. ಕವರ್‌ನಲ್ಲಿದ್ದ ಇಬ್ಬರಲ್ಲಿ ಒಬ್ಬನಿಗೆ ಮುಂದಿನ ಒಂದು ಹಲ್ಲಿಲ್ಲ, ಇನ್ನೊಬ್ಬನಿಗೆ ಬಿತ್ತನೆಯ ಕಾಲದಲ್ಲಿ ಟೊಂಕ ನೋವು. ಎರಡನೇ ರೈಡರ್ ಆಗಿದ್ದವನು ಮಾಸ್ತರನಾಗಿದ್ದಾನೆ. ಅವನ ಪಾದದ ಗಿಣ್ಣು ಹತ್ತಾರು ಸಲ ಉಳುಕಿ ಉಳುಕಿ, ಈಗ ಮೆಟ್ಟಿಲು ಇಳಿಯುವಾಗ ತಾನೇ ಹೊರಳುತ್ತದೆ. ಆರನೆಯವನಿಗೆ ಒಂದು ಫೈನಲ್ಲಿನ ನೆನಪೇ ಇಲ್ಲ, ಅದನ್ನು ಮುಂದೆ ಹೇಳುತ್ತೇವೆ. ಏಳನೆಯವನು ನಮ್ಮ ಮೊದಲ ರೈಡರ್. ಅವನ ಮೊಣಕಾಲು ಹೋಯಿತು.

ಅದು ಹೋದ ಬಗೆ ನಮ್ಮ ಎಲ್ಲರ ಕಣ್ಣ ಮುಂದಿದೆ. ಅವನು ಬೋನಸ್ ಗೆರೆ ಮುಟ್ಟಿ, ಎಡಕ್ಕೆ ಹೋಗುವಂತೆ ತೋರಿಸಿ ಬಲಕ್ಕೆ ತಿರುಗಿದ. ಯಾರೂ ಅವನನ್ನು ಮುಟ್ಟಿರಲಿಲ್ಲ. ಪಾದ ನೆಲದಲ್ಲಿ ಕಚ್ಚಿಕೊಂಡಿತು, ಮೈ ತಿರುಗಿತು, ನಡುವೆ ಮೊಣಕಾಲು ಸಿಕ್ಕಿಕೊಂಡಿತು. ಕಡ್ಡಿ ಮುರಿದಂಥ ಸದ್ದು ಅವನಿಗೆ ಕೇಳಿಸಿತಂತೆ. ಅಷ್ಟರಲ್ಲಿ ನಾಲ್ಕು ಜನ ಮೇಲೆ ಬಿದ್ದರು. ಸುತ್ತ ನಿಂತ ಜನ ಎಂದಿನಂತೆ ಕೂಗಿತು: "ಏನೂ ಆಗಿಲ್ಲೇಳೋ, ಗಂಡಸು ಹೌದಲ್ಲೋ ನೀ!" ಅವನು ಎದ್ದ. ಎರಡು ಹೆಜ್ಜೆ ಇಟ್ಟ. ಮೂರನೆಯ ಹೆಜ್ಜೆಗೆ ಕಾಲು ಬಟ್ಟೆಯ ಹಾಗೆ ಮಡಚಿಕೊಂಡಿತು. ಮನೆ ಮುಟ್ಟುವಷ್ಟರಲ್ಲಿ ಮೊಣಕಾಲು ಕುಂಬಳಕಾಯಿಯಂತೆ ಊದಿತ್ತು.

ಮೊಣಕಾಲಿನ ಒಳಗೆ, ತೊಡೆಯ ಎಲುಬನ್ನೂ ಕೆಳಗಾಲಿನ ಎಲುಬನ್ನೂ ಅಡ್ಡಡ್ಡ ಬಿಗಿದು ಹಿಡಿದಿರುವ ಎರಡು ಗಟ್ಟಿ ನಾರುಗಳಿವೆ. ಡಾಕ್ಟರುಗಳು ಇವನ್ನು ಲಿಗಮೆಂಟ್ ಎನ್ನುತ್ತಾರೆ. ಎತ್ತಿನ ನೊಗಕ್ಕೆ ಮಿಣಿ ಇದ್ದ ಹಾಗೆ ಎಂದು ತಿಳಿದುಕೊಳ್ಳಬಹುದು. ಮುಂದಿನ ನಾರು ಹರಿದರೆ ಕೆಳಗಾಲು ಹಿಡಿತ ತಪ್ಪಿ ಮುಂದಕ್ಕೆ ಜಾರುತ್ತದೆ. ನೇರವಾಗಿ ನಡೆಯುವಾಗ ಅಷ್ಟಾಗಿ ತಿಳಿಯುವುದಿಲ್ಲ. ತಿರುಗಿದಾಗ, ತಗ್ಗಿಗೆ ಇಳಿದಾಗ, ಭಾರ ಹೊತ್ತಾಗ ಕಾಲು ಕೈಕೊಡುತ್ತದೆ. ಓಡುತ್ತ ಓಡುತ್ತ ಥಟ್ಟನೆ ನಿಲ್ಲುವ, ದಿಕ್ಕು ಬದಲಿಸುವ, ಒಂದೇ ಕಾಲ ಮೇಲೆ ನೆಗೆದು ಇಳಿಯುವ ಎಲ್ಲ ಆಟಗಳಲ್ಲೂ ಈ ನಾರಿಗೆ ಅಪಾಯವಿದೆ. ಕಬಡ್ಡಿಯಲ್ಲಿ ಇವೆಲ್ಲ ಇವೆ, ಜೊತೆಗೆ ಕಾಲನ್ನೇ ಹಿಡಿಯುವುದೂ ಇದೆ. ಒಬ್ಬ ಪಾದದ ಗಿಣ್ಣು ಹಿಡಿದಿರುತ್ತಾನೆ, ಇನ್ನೊಬ್ಬ ತೊಡೆ ಹಿಡಿದಿರುತ್ತಾನೆ, ಮೂರನೆಯವನು ಬದಿಯಿಂದ ಬಂದು ಗುದ್ದುತ್ತಾನೆ. ನಡುವಿನ ಕೀಲು ಎಲ್ಲಿಗೆ ಹೋಗಬೇಕು?

ನೆಲದ ಪಾತ್ರವೂ ಇದೆ. ನಮ್ಮ ಕಡೆಯ ಎರೆ ಮಣ್ಣು ಒಣಗಿದರೆ ಬಿರುಕು ಬಿಡುತ್ತದೆ. ನೀರು ಹೊಡೆದರೆ ಒಂದು ಕಡೆ ಜಾರುತ್ತದೆ, ಇನ್ನೊಂದು ಕಡೆ ಕಾಲನ್ನು ಹಿಡಿದುಕೊಳ್ಳುತ್ತದೆ. ಈಗ ದೊಡ್ಡ ಪಂದ್ಯಾವಳಿಗಳಿಗೆ ಬಾಡಿಗೆ ಮ್ಯಾಟ್ ತರುತ್ತಾರೆ. ಮ್ಯಾಟ್‌ನಿಂದ ತರಚುಗಾಯ ಕಡಿಮೆಯಾದದ್ದು ನಿಜ. ಆದರೆ ಬರಿಗಾಲಿನಲ್ಲಿ ಮಣ್ಣಿನ ಮೇಲೆ ವರ್ಷವಿಡೀ ಆಡಿದ ಹುಡುಗ ಒಂದು ದಿನಕ್ಕೆಂದು ಗೆಳೆಯನ ಬೂಟು ಕೇಳಿ ತಂದು ಮ್ಯಾಟ್ ಮೇಲೆ ಇಳಿಯುತ್ತಾನೆ. ಬೂಟಿನ ತಳ ಮ್ಯಾಟನ್ನು ಕಚ್ಚಿ ಹಿಡಿಯುತ್ತದೆ. ಮಣ್ಣಿನಲ್ಲಾದರೆ ಸ್ವಲ್ಪ ಜಾರಿ ಉಳಿದುಕೊಳ್ಳುತ್ತಿದ್ದ ಕಾಲು ಅಲ್ಲಿ ಜಾರುವುದಿಲ್ಲ. ಇನ್ನು ತೂಕದ ಮಾತು. ಎಷ್ಟೋ ಪಂದ್ಯಾವಳಿಗಳಲ್ಲಿ ಇಂತಿಷ್ಟು ಕೆ.ಜಿ. ಒಳಗಿನವರು ಮಾತ್ರ ಆಡಬೇಕೆಂಬ ವಿಭಾಗಗಳಿರುತ್ತವೆ. ಚಿಕ್ಕ ಮೈಯವರಿಗೂ ಅವಕಾಶ ಸಿಗಲೆಂದು ಮಾಡಿದ ಒಳ್ಳೆಯ ನಿಯಮ. ಆದರೆ ತಕ್ಕಡಿ ಹತ್ತುವ ಮುನ್ನ ಎರಡು ದಿನ ಊಟ ಬಿಟ್ಟು, ನೀರೂ ಕುಡಿಯದೆ, ಬಿಸಿಲಲ್ಲಿ ಓಡಿ ಬೆವರು ಹರಿಸಿ ತೂಕ ಇಳಿಸುವ ಹುಡುಗರಿದ್ದಾರೆ. ಬ್ಯಾಸಿಗೆಯಲ್ಲಿ ನಲವತ್ತೆರಡು ಡಿಗ್ರಿ ದಾಟುವ ನಾಡು ನಮ್ಮದು. ಅಂಥ ಮೈ ರಾತ್ರಿ ಹನ್ನೊಂದರ ಮೂರನೇ ಪಂದ್ಯದಲ್ಲಿ ಸರಿಯಾಗಿ ಬೀಳುವುದನ್ನೂ ಮರೆತಿರುತ್ತದೆ.

ಮೊಣಕಾಲು ಹೋದವನ ಕತೆಯ ಮುಂದಿನ ಭಾಗ ಎಲ್ಲ ಊರುಗಳಲ್ಲೂ ಒಂದೇ. ಮೊದಲು ಎಣ್ಣೆ ಹಚ್ಚಿ ತಿಕ್ಕುವುದು. ಒಳಗೆ ರಕ್ತ ಸೋರಿ ಊದಿದ ಕೀಲನ್ನು ತಿಕ್ಕಿದರೆ ಊತ ಹೆಚ್ಚುತ್ತದೆ. ಆಮೇಲೆ ಎಲುಬು ಕಟ್ಟುವವರ ಮನೆ. ಅವರು ಪ್ರೀತಿಯಿಂದಲೇ ಮೊಟ್ಟೆ, ಸೊಪ್ಪು, ಬಿದಿರಿನ ದಬ್ಬೆ ಇಟ್ಟು ಬಿಗಿಯುತ್ತಾರೆ. ಬಿಗಿ ಅತಿಯಾದರೆ ರಕ್ತದ ಓಡಾಟವೇ ನಿಲ್ಲುವ ಅಪಾಯವಿದೆ. ಕೊನೆಗೆ ಆಸ್ಪತ್ರೆ, ಅಲ್ಲಿ ಎಕ್ಸ್‌ರೇ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ನಾರು ಕಾಣುವುದಿಲ್ಲ. "ಎಲುಬಿಗೆ ಏನೂ ಆಗಿಲ್ಲ" ಎಂಬ ಮಾತನ್ನು ಮನೆಯವರು "ಏನೂ ಆಗಿಲ್ಲ" ಎಂದು ಕೇಳಿಸಿಕೊಳ್ಳುತ್ತಾರೆ. ಅನುಭವವಿರುವ ಎಲುಬಿನ ಡಾಕ್ಟರು ಕಾಲನ್ನು ಮಡಿಸಿ, ಕೈಯಿಂದ ಮುಂದಕ್ಕೆಳೆದು ನೋಡಿಯೇ ನಾರು ಹರಿದಿದೆಯೋ ಇಲ್ಲವೋ ಹೇಳಬಲ್ಲರು. ಅಂಥವರ ಬಳಿ ಹೋಗುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ. ಹಿಡಿತವಿಲ್ಲದ ಕೀಲು ಅಷ್ಟರಲ್ಲಿ ಒಳಗಿನ ಮೆತ್ತೆಯನ್ನೂ ಸವೆಸಿರುತ್ತದೆ. ನಮ್ಮ ರೈಡರನ ನಾರು ಹರಿದಿದೆ ಎಂದು ಗೊತ್ತಾದದ್ದು ಐದನೆಯ ವರ್ಷಕ್ಕೆ, ಯಾದಗಿರಿಯಿಂದ ಸುಮಾರು 80 ಕಿ.ಮೀ. ದೂರದ ಗುಲಬರ್ಗಾದಲ್ಲಿ.

ಆಪರೇಷನ್ ಮಾಡಿ ಹೊಸ ನಾರು ಕೂರಿಸಬಹುದು ಎಂದರು. ಅದಾದ ಮೇಲೆ ದಿನಾ ವ್ಯಾಯಾಮ ಮಾಡುತ್ತ, ಪೂರ್ತಿ ಬಲ ಬರಲು ಒಂಬತ್ತು ತಿಂಗಳಾದರೂ ಬೇಕು ಎಂದರು. ಅವನಿಗೆ ಆಗ ಇಬ್ಬರು ಮಕ್ಕಳು. ಯಾದಗಿರಿಯ ಗಂಜ್‌ನಲ್ಲಿ ಹಮಾಲಿ ಕೆಲಸ. ಹತ್ತಿ, ತೊಗರಿ, ಶೇಂಗಾದ ಚೀಲ ಹೊರುವವನಿಗೆ ಮೊಣಕಾಲೇ ಬಂಡವಾಳ. ಒಂಬತ್ತು ತಿಂಗಳು ಕೂತರೆ ಮನೆಯಲ್ಲಿ ಒಲೆ ಹೊತ್ತಿಸುವವರು ಯಾರು? ಅವನು ಆಪರೇಷನ್ ಮಾಡಿಸಲಿಲ್ಲ. ಕಾಲಿಗೆ ಪಟ್ಟಿ ಸುತ್ತಿಕೊಂಡು ಇನ್ನೂ ಕೆಲವು ವರ್ಷ ಚೀಲ ಹೊತ್ತ. ಲಾರಿಯ ಹಲಗೆಯ ಮೇಲೆ ಒಮ್ಮೆ ಕಾಲು ಕೈಕೊಟ್ಟು ಚೀಲದ ಸಮೇತ ಬಿದ್ದ. ಆಮೇಲೆ ಹೆಂಡತಿ ಮಕ್ಕಳ ಜೊತೆ ಬೆಂಗಳೂರಿಗೆ ಗುಳೆ ಹೋದ. ಕಟ್ಟಡ ಕೆಲಸ ಅವನಿಂದಾಗಲಿಲ್ಲ. ಕಟ್ಟುತ್ತಿರುವ ಕಟ್ಟಡವೊಂದಕ್ಕೆ ವಾಚ್‌ಮನ್ ಆಗಿ ಕೂತ. ಇಟ್ಟಿಗೆ ಹೊರುವುದು ಹೆಂಡತಿಯ ಪಾಲಿಗೆ ಬಂತು.

ಅವನ ತಾಯಿ ಒಮ್ಮೆ ನಮ್ಮೆಲ್ಲರನ್ನೂ ಕೂರಿಸಿ ಹೇಳಿದ ಮಾತು ಇದು: "ನೋಡ್ರಪಾ, ಶೀಲ್ಡ್ ಒಯ್ದು ಚಾವಡ್ಯಾಗ ಇಟ್ರಿ, ಕಾಲು ತಂದು ನಮ್ಮ ಮನ್ಯಾಗ ಇಟ್ರಿ. ಆ ಶೀಲ್ಡ್‌ಗೆ ವರ್ಷಕ್ಕೊಮ್ಮೆ ಹೂವಾದ್ರೂ ಏರಸ್ತೀರಿ." ಇಲ್ಲಿ ಹೇಳಬೇಕಾದದ್ದನ್ನೆಲ್ಲ ಆ ತಾಯಿ ಎರಡು ಮಾತಿನಲ್ಲಿ ಹೇಳಿದ್ದಾರೆ. ಗೆಲುವು ಊರಿನದಾಗುತ್ತದೆ. ಮೆರವಣಿಗೆ ಊರಿನದು, ಹಲಗೆ ಬಾರಿಸುವವರು ಊರಿನವರು, ಫೋಟೋದಲ್ಲಿ ನಿಲ್ಲುವವರು ಊರಿನ ದೊಡ್ಡವರು. ಪೆಟ್ಟು ಮಾತ್ರ ಒಂದು ಮನೆಯ ಹಣೆಬರಹವಾಗುತ್ತದೆ.

*

ಇಂಗ್ಲೆಂಡಿನಲ್ಲಿ ಹುಟ್ಟಿದ ರಗ್ಬಿ ಎಂಬ ಆಟ ನಮ್ಮ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ಟಿ.ವಿ.ಯಲ್ಲಿ ನೋಡಿದರೆ ಇದು ನಮ್ಮ ಕಬಡ್ಡಿಯ ನೆಂಟ ಎನ್ನಿಸುತ್ತದೆ. ಅಲ್ಲಿ ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಕೆಡವುತ್ತಾರೆ. ಇಲ್ಲಿ ಉಸಿರನ್ನೇ ಚೆಂಡಿನಂತೆ ಹಿಡಿದು ಬರುವವನನ್ನು ಕೆಡವುತ್ತಾರೆ. ಎರಡೂ ಕಡೆ ಮೊಣಕಾಲು, ಹೆಗಲು, ತಲೆ ಮೂರಕ್ಕೂ ಅಪಾಯ. 1995ರವರೆಗೆ ರಗ್ಬಿ ಯೂನಿಯನ್ ಎಂಬ ಪ್ರಕಾರದಲ್ಲಿ ಆಟಕ್ಕೆ ಸಂಬಳ ತೆಗೆದುಕೊಳ್ಳುವುದಕ್ಕೇ ನಿಷೇಧವಿತ್ತು. ಇಂದಿಗೂ ಅದನ್ನು ಆಡುವವರಲ್ಲಿ ಬಹುಪಾಲು ಜನ ವಾರವಿಡೀ ದುಡಿದು ಶನಿವಾರ ಆಡುವವರೇ. ನಮ್ಮ ದೇಶದ ಕಬಡ್ಡಿ ಒಕ್ಕೂಟದ ಹೆಸರಿನಲ್ಲಿಯೂ ಅಮೆಚೂರ್ ಎಂಬ ಪದ ಕೂತಿದೆ. ಪ್ರೀತಿಗಾಗಿ ಆಡುವವನು ಎಂದು ಅದರ ಅರ್ಥ. ಪ್ರೀತಿಗಾಗಿ ಆಡಿದವನಿಗೆ ಪೆಟ್ಟಾದರೆ ಅದು ಯಾರ ಹೊಣೆ ಎಂಬ ಪ್ರಶ್ನೆಯನ್ನು ಆ ದೇಶಗಳು ನಮಗಿಂತ ಮೊದಲೇ ಕೇಳಿಕೊಂಡವು.

ನ್ಯೂಜಿಲೆಂಡ್ ಕಂಡುಕೊಂಡ ಉತ್ತರ ನಮಗೆ ಹಿಡಿಸಿತು. ಅಲ್ಲಿ 1974ರಿಂದ ಅಪಘಾತ ಪರಿಹಾರದ ಒಂದು ಸರಕಾರಿ ವ್ಯವಸ್ಥೆ ಇದೆ. ಹೊಲದಲ್ಲಿ ಬಿದ್ದರೂ ಸರಿ, ರಸ್ತೆಯಲ್ಲಿ ಬಿದ್ದರೂ ಸರಿ, ಆಟದ ಬಯಲಿನಲ್ಲಿ ಬಿದ್ದರೂ ಸರಿ, ತಪ್ಪು ಯಾರದೆಂದು ಕೇಳದೆ ಚಿಕಿತ್ಸೆಗೆ ನೆರವಾಗುತ್ತದೆ. ದುಡಿಯುವವನು ಕೆಲಸಕ್ಕೆ ಹೋಗಲಾರದ ದಿನಗಳಿಗೆ ಅವನ ಗಳಿಕೆಯ ನೂರಕ್ಕೆ 80 ಭಾಗದವರೆಗೂ ಕೊಡುತ್ತದೆ. ಹಳ್ಳಿ ತಂಡದ ಆಟಗಾರನಿಗೂ ಇದು ಸಲ್ಲುತ್ತದೆ. ಹೀಗೆ ದುಡ್ಡು ಕೊಡತೊಡಗಿದಾಗ ಅವರಿಗೊಂದು ಬುದ್ಧಿ ಬಂತು: ಪೆಟ್ಟಾದ ಮೇಲೆ ಕೊಡುವುದಕ್ಕಿಂತ ಪೆಟ್ಟಾಗದಂತೆ ಕಲಿಸುವುದು ಅಗ್ಗ. 2001ರಲ್ಲಿ ಅವರು ರಗ್ಬಿಸ್ಮಾರ್ಟ್ ಎಂಬ ಕಾರ್ಯಕ್ರಮ ಆರಂಭಿಸಿದರು. ಕೋಚ್‌ಗಳು, ರೆಫರಿಗಳು ಪ್ರತಿ ವರ್ಷ ತರಬೇತಿಗೆ ಬರಲೇಬೇಕೆಂದು ಕಡ್ಡಾಯ ಮಾಡಿದರು. ಕೆಡವುವುದು ಹೇಗೆ, ಬೀಳುವುದು ಹೇಗೆ, ಪೆಟ್ಟಾದವನನ್ನು ಏನು ಮಾಡಬೇಕು ಎಂಬುದನ್ನು ಕಲಿಸಿದರು. ಎರಡೂ ತಂಡಗಳು ತಲೆ ತಗ್ಗಿಸಿ ಗುಂಪಾಗಿ ನೂಕುವ ಸ್ಕ್ರಮ್‌ನಲ್ಲಿ ಆಗುತ್ತಿದ್ದ ಬೆನ್ನುಹುರಿಯ ಭಾರೀ ಗಾಯಗಳು ಆನಂತರದ ವರ್ಷಗಳಲ್ಲಿ ಇಳಿದವು.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ನೆರವು ಇದೆ. ಯಾದಗಿರಿಯಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜೇ ಬಂದಿದೆ. ಪೆಟ್ಟಾದವರು ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಚೀಟಿ ಬರೆಸಿಕೊಂಡು ಮುಂದಕ್ಕೆ ಹೋಗಬೇಕು ಎಂಬುದನ್ನು ತಿಳಿದಿರುವುದು ಒಳ್ಳೆಯದು. ಆದರೆ ಯಾವ ಕಾರ್ಡೂ ಕೂತ ತಿಂಗಳುಗಳ ಕೂಲಿಯನ್ನು ಕೊಡುವುದಿಲ್ಲ. ನಮ್ಮ ರೈಡರನನ್ನು ಸೋಲಿಸಿದ್ದು ಆಪರೇಷನ್ನಿನ ಖರ್ಚಿಗಿಂತ ಹೆಚ್ಚಾಗಿ ಆ ಒಂಬತ್ತು ತಿಂಗಳು.

ಇನ್ನು ತಲೆಯ ಮಾತು. ಸುರಪುರದ ಕಡೆಯ ಒಂದು ಊರಿನ ಫೈನಲ್ಲಿನಲ್ಲಿ ನಮ್ಮ ಆರನೆಯವನು ಎದುರಾಳಿಯ ಮೊಣಕಾಲಿಗೆ ತಲೆ ಬಡಿದು ಬಿದ್ದ. ಜನ ಮುಖಕ್ಕೆ ನೀರು ಎರಚಿದರು. ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಅವನು ಎದ್ದು ನಿಂತ, ಚಪ್ಪಾಳೆ ಬಿತ್ತು, ಮತ್ತೆ ಆಡಿದ, ಇಬ್ಬರನ್ನು ಹಿಡಿದೂ ಹಾಕಿದ. ಮರುದಿನ ಬೆಳಗ್ಗೆ "ನಿನ್ನಿ ಏನಾತೋ, ಗೆದ್ವೇನು?" ಎಂದು ನಮ್ಮನ್ನೇ ಕೇಳಿದ. ನಾವು ಹಾಸ್ಯವೆಂದುಕೊಂಡು ನಕ್ಕೆವು. ಆ ಸಂಜೆ ಇಂದಿಗೂ ಅವನ ನೆನಪಿಗೆ ಬಂದಿಲ್ಲ. 2020ರಲ್ಲಿ ಇಂಗ್ಲೆಂಡಿನ ಸ್ಟೀವ್ ಥಾಂಪ್ಸನ್ ಎಂಬ ರಗ್ಬಿ ಆಟಗಾರ ತನಗೆ ಮರೆವಿನ ರೋಗ ಬಂದಿದೆಯೆಂದು ಹೊರಗೆ ಹೇಳಿದರು. ವಯಸ್ಸು ಆಗ ನಲವತ್ತೆರಡು. 2003ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. ಆ ಕಪ್ ಗೆದ್ದದ್ದೇ ತನಗೆ ನೆನಪಿಲ್ಲ ಎಂದರು. ಮತ್ತೆ ಮತ್ತೆ ತಲೆಗೆ ಬಿದ್ದ ಪೆಟ್ಟುಗಳೇ ಇದಕ್ಕೆ ಕಾರಣವೆಂದು ಅವರೂ ಬೇರೆ ಆಟಗಾರರೂ ರಗ್ಬಿಯ ಸಂಸ್ಥೆಗಳ ಮೇಲೆ ದಾವೆ ಹೂಡಿದರು. ಈಗ ಆ ಆಟದಲ್ಲಿ ಒಂದು ನಿಯಮ ಗಟ್ಟಿಯಾಗಿದೆ: ತಲೆಗೆ ಪೆಟ್ಟಾಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಹವ್ಯಾಸಿ ಆಟಗಾರ ಆ ದಿನ ಮತ್ತೆ ಅಂಕಣಕ್ಕೆ ಇಳಿಯುವಂತಿಲ್ಲ. ಇಂಗ್ಲೆಂಡಿನಲ್ಲಿ 2023ರಿಂದ ಊರು ಮಟ್ಟದ ಆಟದಲ್ಲಿ ಎದೆಯ ಮೇಲ್ಭಾಗಕ್ಕೆ ಗುದ್ದಿ ಕೆಡವುವುದಕ್ಕೂ ತಡೆ ಬಿತ್ತು.

ಇದು ದೂರದ ಮಾತು ಎನ್ನುವಂತಿಲ್ಲ. 2022ರ ಜುಲೈಯಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಕಬಡ್ಡಿ ಆಡುತ್ತಿದ್ದ 22 ವರ್ಷದ ಕಾಲೇಜು ಹುಡುಗನೊಬ್ಬ ರೈಡ್ ಮಾಡುತ್ತಿದ್ದಂತೆ ಬಿದ್ದು ಪ್ರಾಣಬಿಟ್ಟ. ಮೊಬೈಲಿನಲ್ಲಿ ಆ ದೃಶ್ಯ ದೇಶವನ್ನೆಲ್ಲ ಸುತ್ತಿತು. ನಮ್ಮ ಹುಡುಗರೂ ನೋಡಿದರು, ನಿಟ್ಟುಸಿರಿಟ್ಟರು, ಸಂಜೆ ಮತ್ತೆ ಅಂಕಣಕ್ಕೆ ಹೋದರು. ಹೋಗಬೇಕಾದದ್ದೇ. ಆಟ ನಿಲ್ಲಬಾರದು. ಬಿದ್ದವನ ಕಡೆ ಓಡುವ ಮೊದಲ ವ್ಯಕ್ತಿಗೆ ಏನು ಮಾಡಬೇಕೆಂದು ತಿಳಿದಿರಬೇಕು, ಅಷ್ಟೆ.

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಬಂದ ಮೇಲೆ ಕಬಡ್ಡಿಗೆ ಹೊಸ ಮರ್ಯಾದೆ ಬಂದಿದೆ. ಹಳ್ಳಿಯ ಹುಡುಗರು ಲಕ್ಷಗಟ್ಟಲೆ ದುಡಿಯುವುದನ್ನು ಕಂಡು ನಮಗೂ ಸಂತೋಷ. ನಮ್ಮ ಓಣಿಯ ಮಕ್ಕಳು ಟಿ.ವಿ. ನೋಡಿ ಡ್ಯಾಶ್ ಹೊಡೆಯುವುದನ್ನು, ಡುಬ್ಕಿ ಹೊಡೆಯುವುದನ್ನು ಕಲಿತರು. ಆದರೆ ಟಿ.ವಿ.ಯಲ್ಲಿ ಬಿದ್ದವನ ಹತ್ತಿರ ಚೀಲ ಹಿಡಿದು ಓಡಿ ಬರುವ ಫಿಜಿಯೊ ಇರುತ್ತಾನೆ, ಹೊರಗೆ ಆಂಬುಲೆನ್ಸ್ ನಿಂತಿರುತ್ತದೆ, ಆಟಗಾರನ ಹೆಸರಿನಲ್ಲಿ ಒಪ್ಪಂದದ ಕಾಗದವಿರುತ್ತದೆ. ಕ್ಯಾಮೆರಾ ಡ್ಯಾಶನ್ನು ತೋರಿಸುತ್ತದೆ, ಇವನ್ನು ತೋರಿಸುವುದಿಲ್ಲ. ನಮ್ಮ ಕಣಕ್ಕೆ ಡ್ಯಾಶ್ ಬಂತು, ಫಿಜಿಯೊ ಬರಲಿಲ್ಲ.

ಹುಡುಗಿಯರ ಕತೆ ಬೇರೆಯೇ ಇದೆ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳೆಯರ ಕಬಡ್ಡಿ ಮೊದಲ ಸಲ ಸೇರಿದಾಗ ಚಿನ್ನ ಗೆದ್ದ ತಂಡದಲ್ಲಿ ಕರ್ನಾಟಕದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇದ್ದರು. ನಮ್ಮ ಮಾಸ್ತರನ ಶಾಲೆಯ ಹುಡುಗಿಯರೂ ತಾಲೂಕು ಮಟ್ಟಕ್ಕೆ ಆಡಿದ್ದಾರೆ. ಓಡಿ ನಿಂತು ತಿರುಗುವ ಆಟಗಳಲ್ಲಿ ಮೊಣಕಾಲಿನ ಈ ನಾರು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚಾಗಿ ಹರಿಯುತ್ತದೆ ಎಂದು ವೈದ್ಯರು ಹೇಳುತ್ತಾರೆ. ಪೆಟ್ಟಾದ ಹುಡುಗಿಗೆ ಎರಡು ಶಿಕ್ಷೆ. ಕಾಲು ನೋಯುತ್ತದೆ, ಜೊತೆಗೆ ಆಟವೂ ನಿಲ್ಲುತ್ತದೆ, ಕೆಲವೊಮ್ಮೆ ಶಾಲೆಯೂ ನಿಲ್ಲುತ್ತದೆ. "ಕಾಲು ಊನ ಆದ್ರ ಯಾರ್ ಮಾಡ್ಕೋತಾರವ್ವ" ಎಂದು ಅಜ್ಜಿ ಹೇಳುತ್ತಾಳೆ. ಇದರಿಂದಾಗಿ ಹುಡುಗಿಯರು ನೋವನ್ನು ಮನೆಯಲ್ಲಿ ಹೇಳುವುದೇ ಇಲ್ಲ. ಉಳುಕಿದ ಗಿಣ್ಣಿನ ಮೇಲೆ ಪೈಜಾಮ ಇಳಿಬಿಟ್ಟುಕೊಂಡು ನೀರು ತರಲು ಹೋಗುತ್ತಾರೆ. ಪೆಟ್ಟಿನ ಬಗ್ಗೆ ಬಾಯಿಬಿಟ್ಟು ಮಾತಾಡುವುದು ಕಲಿಯಬೇಕೆಂದರೆ ಅದು ಈ ಹುಡುಗಿಯರಿಗಾಗಿ ಮೊದಲು.

*

ಒಂದು ಪಂದ್ಯಾವಳಿಗೆ ಎಷ್ಟು ಖರ್ಚಾಗುತ್ತದೆ ಎಂದು ನಾವು ಈಗ ಸಂಘಟಕರ ಪಕ್ಕ ಕೂತು ನೋಡುತ್ತೇವೆ. ಪೆಂಡಾಲು, ಲೈಟು, ಮೈಕು, ಬ್ಯಾನರು, ಶಾಲು, ಹಾರ, ನೆನಪಿನ ಕಾಣಿಕೆ, ಪಟಾಕಿ. ಪಟಾಕಿಗೆ ಹೋಗುವ ಹಣದಲ್ಲಿ ಒಂದು ಒಳ್ಳೆಯ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬರುತ್ತದೆ. ಕಳೆದ ಎರಡು ಪಂದ್ಯಾವಳಿಗಳಿಂದ ನಮ್ಮ ಓಣಿಯಲ್ಲಿ ಕೆಲವು ಸಣ್ಣ ಕೆಲಸಗಳನ್ನು ರೂಢಿಗೆ ತಂದಿದ್ದೇವೆ. ಇವಕ್ಕೆ ವಿದ್ಯೆಯೂ ಹೆಚ್ಚು ಬೇಡ, ದುಡ್ಡೂ ಹೆಚ್ಚು ಬೇಡ.

ಅಂಕಣವನ್ನು ಹಿಂದಿನ ದಿನವೇ ಕೈಯಿಂದ ಸವರಿ ಕಲ್ಲು, ಗಾಜು, ತೊಗರಿ ಕಡ್ಡಿಯ ಮೋಟು ಆರಿಸುತ್ತೇವೆ. ಆಡುವ ಮುನ್ನ ಇಪ್ಪತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳದ ತಂಡವನ್ನು ಇಳಿಸುವುದಿಲ್ಲ. ಫುಟ್‌ಬಾಲ್ ಆಟಗಾರರಿಗಾಗಿ ರೂಪಿಸಿದ ಇಂಥ ವ್ಯಾಯಾಮಗಳಿಂದ ಗಾಯಗಳು ಗಣನೀಯವಾಗಿ ಕಡಿಮೆಯಾದದ್ದು ಹಲವು ದೇಶಗಳಲ್ಲಿ ಸಾಬೀತಾಗಿದೆ. ಒಂದು ಕಾಲ ಮೇಲೆ ನಿಲ್ಲುವುದು, ನೆಗೆದು ಮೊಣಕಾಲು ಬಗ್ಗಿಸಿ ಮೆತ್ತಗೆ ಇಳಿಯುವುದು, ತೊಡೆಯ ಹಿಂಭಾಗಕ್ಕೆ ಬಲ ಕೊಡುವುದು, ಇಷ್ಟೇ ಅದರ ಗುಟ್ಟು. ಸೋಡಾ ಅಂಗಡಿಯಿಂದ ಒಂದು ಬಕೆಟ್ ಐಸು ತಂದಿಡುತ್ತೇವೆ. ಉಳುಕಿದ ಜಾಗಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ನಿಮಿಷ ಹಿಡಿದು, ಹಗುರಾಗಿ ಪಟ್ಟಿ ಸುತ್ತಿ, ಕಾಲನ್ನು ಎತ್ತರದಲ್ಲಿಡುತ್ತೇವೆ. ಎಣ್ಣೆ ತಿಕ್ಕುವುದಿಲ್ಲ. ಒಂದೆರಡು ತಾಸಿನಲ್ಲಿ ಮೊಣಕಾಲು ಊದಿದರೆ ಒಳಗೆ ನಾರು ಹರಿದಿರಬಹುದು ಎಂದು ತಿಳಿದು ಎಲುಬಿನ ಡಾಕ್ಟರ ಬಳಿಗೇ ಕಳಿಸುತ್ತೇವೆ. ತಲೆಗೆ ಪೆಟ್ಟಾಗಿ ಕ್ಷಣ ಹೊತ್ತು ಮಂಕಾದವನೂ ಅಂದು ಮತ್ತೆ ಆಡುವಂತಿಲ್ಲ. ವಾಂತಿ, ನಿದ್ದೆಗಣ್ಣು, ತೊದಲು ಮಾತು ಕಂಡರೆ ಕಾಯದೆ 108ಕ್ಕೆ ಫೋನು. ಕುತ್ತಿಗೆಗೆ ಪೆಟ್ಟಾಗಿ ಬಿದ್ದವನನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತುವುದಿಲ್ಲ, ಆಂಬುಲೆನ್ಸ್ ಬರುವವರೆಗೆ ತಲೆ ಅಲುಗಾಡದಂತೆ ಹಿಡಿದು ಕೂರುತ್ತೇವೆ.

ಮೊದಲ ವರ್ಷ ಇದಕ್ಕೆ ವಿರೋಧ ಬಂತು. ತಲೆಗೆ ಪೆಟ್ಟು ತಿಂದ ಒಬ್ಬ ಹುಡುಗನನ್ನು ಹೊರಗೆ ಕೂರಿಸಿದಾಗ ಅವನ ತಂಡ ಸೋತಿತು. ಅವರ ಊರಿನವರು ಟೇಬಲ್ಲಿಗೆ ಬಂದು ಜಗಳ ತೆಗೆದರು. "ಕಬಡ್ಡಿ ಆಡಸ್ತೀರೋ, ದವಾಖಾನಿ ನಡಸ್ತೀರೋ?" ಎಂದು ಕೇಳಿದರು. ಹುಡುಗನ ತಂದೆ ಗುಂಪಿನ ಹಿಂದೆ ನಿಂತಿದ್ದವರು ಮುಂದೆ ಬಂದು "ಬಿಡ್ರಿ ಅಣ್ಣಾರ, ಮುಂದಿನ ವರ್ಷ ಆಡ್ತಾನ, ಮಗ ಉಳದ್ರ ಆತು" ಎಂದು ಅವರನ್ನು ಕರೆದುಕೊಂಡು ಹೋದರು.

ಉಳಿದದ್ದು ದುಡ್ಡಿನ ಪ್ರಶ್ನೆ. ಇದನ್ನು ನಾವು ಇನ್ನೂ ಪೂರ್ತಿ ಬಗೆಹರಿಸಿಲ್ಲ. ಪ್ರತಿ ತಂಡದ ಪ್ರವೇಶ ಫೀಯಲ್ಲಿ ಹತ್ತರಲ್ಲಿ ಒಂದು ಪಾಲು, ದಾನಿಗಳು ಕೊಡುವುದರಲ್ಲಿ ಅಷ್ಟೇ ಪಾಲು ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದೇವೆ. ಆ ಡಬ್ಬಿಯ ಹಣದಲ್ಲಿ ಯಾರಿಗೂ ಆಪರೇಷನ್ ಮಾಡಿಸಲಾಗುವುದಿಲ್ಲ. ಆದರೆ ಮೊದಲ ಎಕ್ಸ್‌ರೇ, ಗುಲಬರ್ಗಾಕ್ಕೋ ರಾಯಚೂರಿಗೋ ಹೋಗಿ ಬರುವ ಖರ್ಚು, ಎರಡು ವಾರ ಕೂತವನ ಮನೆಗೆ ಒಂದು ಚೀಲ ಜೋಳ, ಇಷ್ಟು ಆಗುತ್ತದೆ. ಹೋದ ವರ್ಷ ಕೀಲು ತಪ್ಪಿದ ಹೆಗಲಿನ ಒಬ್ಬ ಹುಡುಗನ ಮನೆಗೆ ಜೋಳ ಹೋಯಿತು. ಮೂರು ತಾಲೂಕುಗಳ ತಂಡಗಳೂ ಹೀಗೆ ಒಂದೊಂದು ಡಬ್ಬಿ ಇಟ್ಟು, ವರ್ಷಕ್ಕೊಮ್ಮೆ ಕೂಡಿಸಿದರೆ ಆಟಗಾರರಿಗೆಲ್ಲ ಒಟ್ಟಾಗಿ ಒಂದು ಅಪಘಾತ ವಿಮೆ ಮಾಡಿಸಬಹುದು. ಅದಕ್ಕೆ ಹುಡುಗರ ಹೆಸರು, ವಯಸ್ಸು ಬರೆದ ಪಟ್ಟಿ ಬೇಕು. ಯಾದಗಿರಿಯ ಎರಡು ತಂಡದವರು, ಸುರಪುರದ ಒಂದು ತಂಡದವರು ಪಟ್ಟಿ ಕೊಡುತ್ತೇವೆಂದಿದ್ದಾರೆ. ನಮ್ಮ ಪಟ್ಟಿಯನ್ನು ಮಾಸ್ತರ ತನ್ನ ದುಂಡಗಿನ ಅಕ್ಷರಗಳಲ್ಲಿ ಬರೆಯತೊಡಗಿದ್ದಾನೆ. ಅದರಲ್ಲಿ ಮೂರನೆಯ ಹೆಸರು ಬೆಂಗಳೂರಿನಿಂದ ಅಜ್ಜಿಯ ಮನೆಗೆ ಓದಲು ಬಂದಿರುವ ಹುಡುಗನದು, ನಮ್ಮ ಮೊದಲ ರೈಡರನ ಮಗ. ಅವನೂ ರೈಡರ್. ಆಡಲಿ ಬಿಡಲಿ ಎಂದು ಅಜ್ಜಿಯನ್ನು ಕೇಳಿದಾಗ ಅವರು, "ಆಡ್ಲಿ, ಆದ್ರ ಈ ಸಲ ಕಾಲು ನಿಮ್ಮ ಲೆಕ್ಕದಾಗ" ಎಂದರು.